ನಾನೇ ಬರೆದ ಪ್ರೋಗ್ರಾಂ ಚೆಸ್ ಆಡಿದ್ರೆ ಅದು ಮೋಸವಾ?

ಎಂಜಿನಿಯರಿಂಗ್ ಓದುವಾಗ ನಾನೊಂದು ಚೆಸ್ ಪ್ರೋಗ್ರಾಂ ಬರೆದಿದ್ದೆ. ಪೈಥಾನ್‌ನಲ್ಲಿ ಮುನ್ನೂರು ಚಿಲ್ಲರೆ ಸಾಲು. ಅದು ಹೇಳಿದ ನಡೆಗಳನ್ನೇ ನನ್ನ ಆನ್‌ಲೈನ್ ಖಾತೆಯಲ್ಲಿ ಆಡ್ತಾ ಹೋದೆ. ಕೆಲವೇ ದಿನಗಳಲ್ಲಿ ಖಾತೆ ಬಂದ್ ಆಯ್ತು. ಸಿಟ್ಟು ಬಂತು. ಬೇರೆಯವರ ಎಂಜಿನ್ ಬಳಸಿದ್ರೆ ಮೋಸ ಅನ್ನಿ, ಒಪ್ತೀನಿ. ಆದರೆ ಇದನ್ನು ಬರೆದವನು ನಾನೇ ಅಲ್ವಾ? ಹಾಗಾದ್ರೆ ಇದರ ನಡೆ ನನ್ನದೇ ನಡೆ ಅನ್ನೋದು ನನ್ನ ವಾದವಾಗಿತ್ತು.

ಈ ವಾದ ತಳ್ಳಿಹಾಕುವಷ್ಟು ಹಗುರವಾದದ್ದಲ್ಲ. ಇಂಥ ಪ್ರೋಗ್ರಾಂ ಬರೆಯೋಕೆ ಚೆಸ್ ಬಗ್ಗೆ ಯೋಚಿಸಲೇಬೇಕು. ರಾಣಿಗೆ 9 ಅಂಕ, ಆನೆಗೆ 5, ಒಂಟೆ ಮತ್ತು ಕುದುರೆಗೆ ತಲಾ 3, ಕಾಲಾಳಿಗೆ 1 ಅಂತ ಬೆಲೆ ಕಟ್ಟಬೇಕು. ನಾನು ಹೀಗೆ ನಡೆದರೆ ಎದುರಾಳಿ ಏನು ಮಾಡ್ತಾನೆ, ಅದಕ್ಕೆ ನನ್ನ ಉತ್ತರವೇನು ಅಂತ ಪ್ರೋಗ್ರಾಂ ಹಲವು ನಡೆ ಮುಂದಕ್ಕೆ ಲೆಕ್ಕ ಹಾಕಿ, ಒಳ್ಳೆಯದನ್ನು ಆರಿಸುತ್ತೆ. ಕ್ಲಾಡ್ ಶಾನನ್ ಈ ದಾರಿಯನ್ನು 1950ರಲ್ಲೇ ವಿವರಿಸಿದ್ದರು.

ಆದರೆ ನನ್ನ ಕೆಲಸ ಮುಗಿದದ್ದು ಪ್ರೋಗ್ರಾಂ ಬರೆದ ದಿನ. ಆಟ ನಡೆಯುವಾಗ ಸಾವಿರಾರು ಸಾಧ್ಯತೆಗಳನ್ನು ದಣಿಯದೆ, ಗಾಬರಿಯಾಗದೆ ಲೆಕ್ಕ ಹಾಕಿದ್ದು ಯಂತ್ರ. ಆ ಕಡೆ ಕೂತವರು ಗಡಿಯಾರ ನೋಡ್ಕೊಂಡು, ತಲೆ ಕೆಡಿಸ್ಕೊಂಡು ಯೋಚಿಸ್ತಿದ್ರು. ಅವರು ಸೋತಾಗ ರೇಟಿಂಗ್ ಕಳ್ಕೊಂಡಿದ್ದು ನನಗೆ ಸೋತೆವು ಅಂದ್ಕೊಂಡು. ಪ್ರೋಗ್ರಾಂ ಬರೆದವರು ಯಾರು ಅನ್ನೋದು ಅವರ ಪ್ರಶ್ನೆಯೇ ಅಲ್ಲ. 'ನನ್ನೆದುರು ಆಡ್ತಿರೋದು ಯಾರು' ಅನ್ನೋದು ಅವರ ಪ್ರಶ್ನೆ. ಅದಕ್ಕೆ ನಾನು ಸುಳ್ಳು ಉತ್ತರ ಕೊಟ್ಟಿದ್ದೆ.

2021ರ ಜೂನ್‌ನಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್, ಕೋವಿಡ್ ಪರಿಹಾರಕ್ಕೆ ಹಣ ಸಂಗ್ರಹಿಸುವ ಆನ್‌ಲೈನ್ ಪಂದ್ಯದಲ್ಲಿ ವಿಶ್ವನಾಥನ್ ಆನಂದ್ ಅವರನ್ನು 'ಸೋಲಿಸಿದ್ದು' ನೆನಪಿರಬಹುದು. ಬಳಿಕ ಅವರೇ ಕಂಪ್ಯೂಟರ್ ಮತ್ತು ಇತರರ ನೆರವು ಪಡೆದಿದ್ದಾಗಿ ಒಪ್ಪಿ ಕ್ಷಮೆ ಕೇಳಿದರು. ಒಳ್ಳೆ ಉದ್ದೇಶದ ಪಂದ್ಯವಾದ್ರೂ ಜನಕ್ಕೆ ಬೇಸರ ಆಗಿದ್ದು ಎದುರಿಗಿದ್ದ ಆನಂದ್‌ಗೆ ವಿಷಯ ಗೊತ್ತಿರಲಿಲ್ಲ ಅನ್ನೋದಕ್ಕೆ.

ಇಬ್ಬರಿಗೂ ಗೊತ್ತಿದ್ದರೆ ಕಥೆಯೇ ಬೇರೆ. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್‌ಗೆ ಸೋತ ಗ್ಯಾರಿ ಕಾಸ್ಪರೋವ್, ಮರುವರ್ಷ ಸ್ಪೇನ್‌ನ ಲಿಯೋನ್‌ನಲ್ಲಿ ವೆಸೆಲಿನ್ ಟೊಪಲೋವ್ ಜೊತೆ ಆಡಿದರು. ಇಬ್ಬರ ಪಕ್ಕದಲ್ಲೂ ಕಂಪ್ಯೂಟರ್ ಇತ್ತು. ದಿನಗಟ್ಟಲೆ ಯೋಚಿಸಿ ಒಂದೊಂದೇ ನಡೆ ಕಳಿಸುವ ಅಂಚೆ ಚೆಸ್‌ನ ಅಂತರರಾಷ್ಟ್ರೀಯ ಒಕ್ಕೂಟ ಎಂಜಿನ್ ಬಳಕೆಗೆ ಅವಕಾಶ ಕೊಟ್ಟಿದೆ. ಅಲ್ಲಿ ಯಾರೂ ಅದನ್ನು ಮೋಸ ಅನ್ನಲ್ಲ. ಬೆಲೆಯೂ ಇದೆ: ಮೇಲಿನ ಹಂತದಲ್ಲಿ ಬಹುಪಾಲು ಆಟಗಳು ಡ್ರಾ ಆಗುತ್ತವೆ.

ಹಾಗಾದ್ರೆ ಮನೆಯಲ್ಲಿ ಬರೆದ ಪ್ರೋಗ್ರಾಂಗಳನ್ನು ಆನ್‌ಲೈನ್ ಚೆಸ್‌ನಿಂದ ಪೂರ್ತಿ ಹೊರಗಿಡಬೇಕಾ? ಬೇಡ. ಹಾಗೆ ಮಾಡಿದ್ರೆ ಕಲಿಯೋ ಹುಡುಗ ಹುಡುಗಿಯರ ಬಾಗಿಲು ಮುಚ್ಚಿದಂತೆ. ಲಿಚೆಸ್ ಒಂದು ದಾರಿ ತೋರಿಸಿದೆ. ಜಾಹೀರಾತಿಲ್ಲದೆ, ದೇಣಿಗೆಯಿಂದ ನಡೆಯುವ ಈ ತಾಣದ ಕೋಡ್ ಕೂಡ ಮುಕ್ತ. ಅಲ್ಲಿ ನಿಮ್ಮ ಪ್ರೋಗ್ರಾಂಗೆ ಪ್ರತ್ಯೇಕ ಖಾತೆ ತೆರೆಯಬಹುದು. ಆ ಖಾತೆಯಲ್ಲಿ ಮೊದಲು ಒಂದೂ ಆಟ ಆಡಿರಬಾರದು. ಹೆಸರಿನ ಪಕ್ಕ 'ಬಾಟ್' ಅನ್ನೋ ಗುರುತು ಇದ್ದೇ ಇರುತ್ತೆ. ಆಡೋಕೆ ಇಷ್ಟ ಇದ್ದವರು ಗೊತ್ತಿದ್ದೇ ಅದರ ಜೊತೆ ಆಡ್ತಾರೆ, ಇಲ್ಲದವರು ಬಿಡ್ತಾರೆ.

ನನ್ನ ನಿಲುವೂ ಇದೇ: ಪ್ರೋಗ್ರಾಂಗೆ ಅವಕಾಶ ಇರಲಿ, ಮನುಷ್ಯನ ವೇಷಕ್ಕೆ ಬೇಡ. ಚುನಾವಣೆ ಹೊತ್ತಿಗೆ ಸಾಮಾನ್ಯ ಜನರ ಹೆಸರು, ಫೋಟೋ ಹೊತ್ತು ಬರುವ ಯಾಂತ್ರಿಕ ಖಾತೆಗಳನ್ನು ಕಂಡಾಗ ನಾವು ಕೇಳೋದೂ 'ಮಾತಾಡ್ತಿರೋದು ಯಾರು' ಅಂತಲೇ ಅಲ್ವಾ? ಅಲ್ಲಿ ಕೇಳೋ ನಾವು ಚೆಸ್ ಬೋರ್ಡ್ ಮುಂದೆ ಮಾತ್ರ ವಿನಾಯಿತಿ ತಗೊಳ್ಳೋಕಾಗಲ್ಲ.

ನನ್ನ ಪ್ರೋಗ್ರಾಂ ಈಗ ಬಾಟ್ ಖಾತೆಯಲ್ಲಿ ಆಡುತ್ತೆ. ಬೇರೆ ಬಾಟ್‌ಗಳ ಎದುರು ಹೆಚ್ಚಾಗಿ ಸೋಲುತ್ತೆ. ಪ್ರತಿ ಸೋಲಿನ ನಂತರ ಕೋಡ್ ತೆಗೆದು, ಎಲ್ಲಿ ಎಡವಿತು ಅಂತ ಹುಡುಕ್ತೀನಿ. ಚೆಸ್ ಕಲೀತಿರೋದು ಈಗಲೇ.