ಮೋಟಾರ್ ಸೈಕಲ್ ಟೈರು: ಸವೆತ ಗುರುತಿಸಿ, ಮನೆಯಲ್ಲೇ ಬದಲಿಸಿ



ಎತ್ತಿನ ಲಾಳ ಸವೆದಿದೆಯೇ ಎಂದು ನೀವು ಕಾಲೆತ್ತಿ ನೋಡುತ್ತೀರಿ. ಆದರೆ ಮುಂಜಾನೆ ಡೇರಿಗೆ ಹಾಲು, ಸಂತೆಗೆ ತರಕಾರಿ, ಸೊಸೈಟಿಯಿಂದ 45 ಕಿಲೋದ ಯೂರಿಯಾ ಚೀಲ ಹೊರುವ ಮೋಟಾರ್ ಸೈಕಲ್ಲಿನ ಟೈರನ್ನು ಪಂಕ್ಚರ್ ಆಗುವವರೆಗೆ ಬಗ್ಗಿ ನೋಡುವವರು ಕಡಿಮೆ. ಬೋಳು ಟೈರು ಒಣ ರಸ್ತೆಯಲ್ಲಿ ಸುಮ್ಮನೆ ಓಡುತ್ತದೆ. ಮಳೆ ಬಿದ್ದ ದಿನ ಕೈಕೊಡುತ್ತದೆ. ಟೈರಿಗೂ ರಸ್ತೆಗೂ ನಡುವಿನ ನೀರನ್ನು ಹೊರಗೆ ತಳ್ಳುವುದೇ ಚಡಿಗಳ ಕೆಲಸ. ಚಡಿ ಹೋದರೆ ಬ್ರೇಕು ಹಿಡಿದರೂ ಚಕ್ರ ಜಾರುತ್ತದೆ. ಹಿಂದೆ ಕೂತವರು ಮಡದಿ ಮಕ್ಕಳೆಂಬುದನ್ನು ಮರೆಯಬೇಡಿ.

ಸವೆತ ಏನು ಹೇಳುತ್ತದೆ?

ಚಡಿಯ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರಿನ ಉಬ್ಬುಗಳಿರುತ್ತವೆ. ಅವು ಇರುವ ಜಾಗವನ್ನು ಟೈರಿನ ಪಕ್ಕದಲ್ಲಿ ಬಾಣದ ಗುರುತು ಅಥವಾ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳು ತೋರಿಸುತ್ತವೆ. ಬಟನ್ನು ಸವೆದು ಈ ಉಬ್ಬಿನ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತೆಂದೇ ತಿಳಿಯಿರಿ.

ಎರಡೂ ಅಂಚು ಸವೆದು ನಡುವೆ ಬಟನ್ನು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುಭಾಗ ಮಾತ್ರ ಬೇಗ ಸವೆದಿದ್ದರೆ ಗಾಳಿ ಹೆಚ್ಚಾಗಿರಬಹುದು. ಒಂದೇ ಜಾಗದಲ್ಲಿ ಚಪ್ಪಟೆಯಾಗಿದ್ದರೆ ಚಕ್ರ ಕಚ್ಚಿಕೊಳ್ಳುವಂತೆ ಬ್ರೇಕು ತುಳಿದ ಗುರುತು. ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಅದು ಬಿಸಿಲಿನ, ವಯಸ್ಸಿನ ಫಲ. ಬಟನ್ನು ಚೆನ್ನಾಗಿದ್ದರೂ ಅದನ್ನು ನಂಬಬೇಡಿ.

ಎಂಜಿನ್ನಿನ ಎಳೆತ, ಹೊರೆಯ ಭಾರ ಎರಡೂ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಅದೇ ಮೊದಲು ಸವೆಯುತ್ತದೆ. ಕಡಿಮೆ ಗಾಳಿಯಲ್ಲಿ ಭಾರ ಹೊತ್ತ ಟೈರು ಮಡಿಚಿ ಮಡಿಚಿ ಕಾಯುತ್ತದೆ, ಒಳಗಿನ ನೂಲು ಹರಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ಗಾಳಿ ಅಳೆಯಿರಿ. ಎಷ್ಟು ಪೌಂಡ್ ಬೇಕೆಂಬುದು ಗಾಡಿಯ ಪುಸ್ತಕದಲ್ಲಿದೆ. ಒಬ್ಬರೇ ಹೋಗುವಾಗಿನ ಅಳತೆ ಬೇರೆ, ಹಿಂದೆ ಭಾರವಿದ್ದಾಗಿನದು ಬೇರೆ.

ಹೊಸದು ಕೊಳ್ಳುವಾಗ

ಹಳೆಯ ಟೈರಿನ ಅಳತೆಯನ್ನೇ ಕೇಳಿ. 2.75-18 ಎಂದಿದ್ದರೆ ಅಗಲ 2.75 ಅಂಗುಲ, ರಿಮ್ಮಿನ ವ್ಯಾಸ 18 ಅಂಗುಲ. ತಯಾರಾದ ಕಾಲವನ್ನೂ ನೋಡಿ: ಪಕ್ಕದಲ್ಲಿ 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರ. ಟೈರಿನ ಜೊತೆಗೆ ಟ್ಯೂಬನ್ನೂ ಹೊಸದು ಹಾಕುವುದು ಲಾಭ. ಹಿಗ್ಗಿದ ಹಳೆಯ ಟ್ಯೂಬು ಒಳಗೆ ಮಡಿಕೆ ಬಿದ್ದು ತೂತಾಗುತ್ತದೆ.

ಬದಲಿಸುವ ಕ್ರಮ

ಇದು ಟ್ಯೂಬು ಇರುವ ಚಕ್ರಕ್ಕೆ ಮಾತ್ರ. ಟ್ಯೂಬ್‌ಲೆಸ್ ಟೈರನ್ನು ರಿಮ್ಮಿಗೆ ಕೂರಿಸಲು ಕೈಪಂಪು ಸಾಲದು, ಅಂಗಡಿಗೇ ಒಯ್ಯಿರಿ.

ಎರಡು ಮೂರು ಟೈರ್ ಲಿವರ್, ಸ್ಪ್ಯಾನರುಗಳು, ಪಂಪು, ಸೋಪಿನ ನೀರು ಇಟ್ಟುಕೊಳ್ಳಿ. ಗಟ್ಟಿ ನೆಲದ ಮೇಲೆ ದೊಡ್ಡ ಸ್ಟ್ಯಾಂಡ್ ಹಾಕಿ. ಚೈನ್ ಅಡ್ಜಸ್ಟರು ಯಾವ ಗೆರೆಯಲ್ಲಿದೆ ಎಂದು ಗುರುತು ಮಾಡಿಕೊಂಡ ಮೇಲೆಯೇ ಬ್ರೇಕ್ ರಾಡು, ಆಕ್ಸಲ್ ಬಿಚ್ಚಿ. ಕಳಚಿದ ಬುಷ್, ವಾಷರುಗಳನ್ನು ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿ.

ವಾಲ್ವ್ ಪಿನ್ನು ತೆಗೆದು ಗಾಳಿ ಪೂರ್ತಿ ಬಿಡಿ. ಟೈರಿನ ಅಂಚನ್ನು ಎರಡೂ ಕಡೆ ತುಳಿದು ರಿಮ್ಮಿನಿಂದ ಬಿಡಿಸಿ, ಸೋಪಿನ ನೀರು ಸವರಿ. ಎಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿ, ರಬ್ಬರು ಕೆಡುತ್ತದೆ.

ಗುಟ್ಟು ಇಲ್ಲಿದೆ. ರಿಮ್ಮಿನ ನಡುಭಾಗ ತಗ್ಗಾಗಿರುತ್ತದೆ. ವಾಲ್ವಿನ ಎದುರು ಬದಿಯ ಅಂಚನ್ನು ಮೊಣಕಾಲಿನಿಂದ ಆ ತಗ್ಗಿಗೆ ಒತ್ತಿ ಹಿಡಿದರೆ ವಾಲ್ವಿನ ಕಡೆ ಅಂಚು ಸಡಿಲವಾಗುತ್ತದೆ. ಅಲ್ಲಿಂದ ಲಿವರ್ ಹಾಕಿ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಬಲ ಹಾಕಬೇಕಾಗಿ ಬಂದರೆ ಎದುರು ಬದಿ ತಗ್ಗಿನಿಂದ ಮೇಲೆದ್ದಿದೆ ಎಂದೇ ಅರ್ಥ.

ಒಂದು ಅಂಚು ಹೊರಬಂದ ಮೇಲೆ ಟ್ಯೂಬು ತೆಗೆದು, ನಂತರ ಟೈರು ಕಳಚಿ. ಕಡ್ಡಿ ಚಕ್ರವಾದರೆ ಕಡ್ಡಿಗಳ ತಲೆ ಮುಚ್ಚುವ ರಿಮ್ ಟೇಪು ಸರಿಯಾಗಿದೆಯೇ ನೋಡಿ. ಹೊಸ ಟೈರಿನ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗಿರಲಿ. ಮೊದಲು ಒಂದು ಅಂಚು ಹತ್ತಿಸಿ, ಟ್ಯೂಬಿಗೆ ಆಕಾರ ಬರುವಷ್ಟೇ ಗಾಳಿ ತುಂಬಿ ಒಳಗಿಡಿ. ಎರಡನೆಯ ಅಂಚನ್ನು ವಾಲ್ವಿನ ಎದುರಿನಿಂದ ಆರಂಭಿಸಿ ವಾಲ್ವಿನ ಬಳಿ ಮುಗಿಸಿ. ಲಿವರಿನ ತುದಿ ಟ್ಯೂಬನ್ನು ಕಚ್ಚದಂತೆ ಎಚ್ಚರ; ಹೊಸ ಟ್ಯೂಬು ಪಂಕ್ಚರ್ ಆಗುವುದು ಇಲ್ಲಿಯೇ.

ಗಾಳಿ ತುಂಬಿ, ಒಮ್ಮೆ ಬಿಟ್ಟು, ಮತ್ತೆ ತುಂಬಿ. ಟ್ಯೂಬಿನ ಸುಕ್ಕು ಬಿಡುತ್ತದೆ. ಟೈರಿನ ಪಕ್ಕದ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ಅಂತರದಲ್ಲಿರಬೇಕು.

ಕೊನೆಯ ಪರೀಕ್ಷೆ

ಚಕ್ರ ಕೂರಿಸಿ, ಅಡ್ಜಸ್ಟರನ್ನು ಎರಡೂ ಬದಿ ಸಮನಾದ ಗೆರೆಗೆ ತನ್ನಿ. ಆಕ್ಸಲ್ ನಟ್ಟು ಬಿಗಿದು, ಸ್ಪ್ಲಿಟ್ ಪಿನ್ ಇದ್ದರೆ ಹೊಸದು ಹಾಕಿ. ಚಕ್ರ ಕೈಯಿಂದ ತಿರುಗಿಸಿ ಬ್ರೇಕು ತುಳಿದು ನೋಡದೆ ಗಾಡಿ ಹತ್ತಬೇಡಿ. ಸಂದೇಹ ಉಳಿದರೆ ನಾಚಿಕೆ ಬೇಡ, ಮೆಕ್ಯಾನಿಕ್‌ನಿಂದ ಒಮ್ಮೆ ತೋರಿಸಿಕೊಳ್ಳಿ. ಹೊಸ ಟೈರಿನ ಮೈ ನುಣುಪು. ಮೊದಲ 150 ಕಿಲೋಮೀಟರ್ ತಿರುವುಗಳಲ್ಲಿ ನಿಧಾನವಾಗಿ ಹೋಗಿ.

ಮೊದಲ ಸಲ ಅರ್ಧ ದಿನ ಹಿಡಿದೀತು. ಆದರೆ ಕಲಿತ ಕೈಗೆ ಕೆಲಸ ಹಗುರ. ಊರಿನಿಂದ ದೂರದ ಹೊಲದಲ್ಲಿ ಗಾಡಿ ನಿಂತರೂ ನೀವು ಪರಾಧೀನರಾಗುವುದಿಲ್ಲ. ಮಳೆಗಾಲ ಕಾಲಿಡುವ ಮುನ್ನ, ನಾಳೆ ಬೆಳಿಗ್ಗೆಯೇ ಒಮ್ಮೆ ಬಗ್ಗಿ ಟೈರು ನೋಡಿ.