ಸಹಾಯಾರ್ಥ ದೂರದ ಸೈಕಲ್ ಯಾತ್ರೆ: ಸಿದ್ಧತೆ, ನಿರ್ವಹಣೆ ಮತ್ತು ಲೆಕ್ಕ

ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ

ಸಾರ್ವಜನಿಕ ಹಿತದ ಕಾರ್ಯವೊಂದಕ್ಕೆ ನಿಧಿ ಕೂಡಿಸುವ ಸಲುವಾಗಿ ಹಲವು ಜನ ಸೇರಿ ದೂರದವರೆಗೆ ಸೈಕಲ್ ತುಳಿಯುವುದನ್ನು ಸಹಾಯಾರ್ಥ ಸೈಕಲ್ ಯಾತ್ರೆ ಎನ್ನಬಹುದು. ಹಸಿರು ನಿಶಾನೆ ತೋರಿ ಊರ ಅಗಸಿಯವರೆಗೆ ಸಾಗಿ ಮುಗಿಯುವ ಜಾಥಾಕ್ಕೂ ಇದಕ್ಕೂ ವ್ಯತ್ಯಾಸವಿದೆ. ಜಾಥಾ ಒಂದು ಗಂಟೆಯ ಕಾರ್ಯಕ್ರಮ. ಯಾತ್ರೆಯಲ್ಲಿಯಾದರೋ ಸವಾರರು ದಿನಗಟ್ಟಲೆ ಹೆದ್ದಾರಿಯ ಮೇಲಿರುತ್ತಾರೆ ಮತ್ತು ಅವರನ್ನು ನಂಬಿ ಜನರು ಹಣ ಕೊಟ್ಟಿರುತ್ತಾರೆ. ಹೀಗಾಗಿ ಇಂತಹ ಯಾತ್ರೆಗೆ ಬೆಂಬಲ ನೀಡುವ ಗ್ರಾಮ ಪಂಚಾಯತಿಯ ಮೇಲೆ ಎರಡು ಹೊಣೆಗಳು ಬೀಳುತ್ತವೆ. ಹೊರಟವರೆಲ್ಲರೂ ಸುರಕ್ಷಿತವಾಗಿ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಮೊದಲನೆಯದು. ಕೂಡಿದ ಪ್ರತಿ ರೂಪಾಯಿಯೂ ಹೇಳಿದ ಉದ್ದೇಶಕ್ಕೇ ಸಂದಿತೆಂದು ಗ್ರಾಮಸ್ಥರಿಗೆ ತೋರಿಸುವುದು ಎರಡನೆಯದು. ಈ ಎರಡೂ ಹೊಣೆಗಳು ಯಾತ್ರೆಯ ದಿನಕ್ಕಿಂತ ಬಹಳ ಮೊದಲೇ ಆರಂಭವಾಗುತ್ತವೆ.

ಹಿನ್ನೆಲೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1980ರಲ್ಲಿ 36 ಸವಾರರು ಕ್ಯಾನ್ಸರ್ ಚಿಕಿತ್ಸೆ ಹಾಗೂ ಸಂಶೋಧನೆಯ ನೆರವಿಗಾಗಿ ಸೈಕಲ್ ತುಳಿದು 10,200 ಡಾಲರ್ ಕೂಡಿಸಿದರು. ಪ್ಯಾನ್-ಮ್ಯಾಸ್ ಚಾಲೆಂಜ್ ಎಂಬ ಹೆಸರಿನ ಈ ಯಾತ್ರೆ ಅಂದಿನಿಂದ ವರ್ಷವರ್ಷವೂ ಬೆಳೆಯುತ್ತ ಬಂದಿದೆ. ಸವಾರರು ಸಂಗ್ರಹಿಸಿದ ದಾನವನ್ನು ಯಾತ್ರೆಯ ವೆಚ್ಚಕ್ಕೆ ಮುಟ್ಟದೆ ಪೂರ್ತಿಯಾಗಿ ಉದ್ದೇಶಕ್ಕೇ ಸಲ್ಲಿಸುವ ಪದ್ಧತಿಯಿಂದಲೂ ಅದು ಹೆಸರಾಗಿದೆ.

ನಮ್ಮ ರಾಜ್ಯದಲ್ಲಿ 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಎಂಬ ಯಾತ್ರೆಯು ಕರ್ನಾಟಕ, ತಮಿಳುನಾಡು ಮತ್ತು ಕೇರಳದ ಘಟ್ಟಪ್ರದೇಶಗಳಲ್ಲಿ ಹಲವು ದಿನ ಸಾಗುತ್ತದೆ. ಸವಾರರ ಹಿಂದೆ ನೆರವಿನ ವಾಹನ, ವೈದ್ಯಕೀಯ ಸಿಬ್ಬಂದಿ ಹಾಗೂ ಸೈಕಲ್ ದುರಸ್ತಿ ಬಲ್ಲವರು ಇರುವುದು ಅದರ ಕ್ರಮ. ನೆರೆಯ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ನೀಡಿದ ನೆಲ. ಬಿಸಿಲು, ಬಯಲು, ಎದುರುಗಾಳಿ ಎಲ್ಲದರಲ್ಲಿಯೂ ಆ ಸೀಮೆ ನಮ್ಮದನ್ನೇ ಹೋಲುತ್ತದೆ.

ಸೈಕಲ್ಲಿಗೆ ಸಮಾಜವನ್ನು ಮುಂದಕ್ಕೆ ಒಯ್ಯುವ ಶಕ್ತಿಯಿದೆ ಎಂಬುದಕ್ಕೆ ತಮಿಳುನಾಡಿನ ಪುದುಕೋಟೆ ಜಿಲ್ಲೆ ಸಾಕ್ಷಿ. ಅಲ್ಲಿ 1991ರಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಗ್ರಾಮೀಣ ಮಹಿಳೆಯರಿಗೆ ಸೈಕಲ್ ಕಲಿಸುವ ಕೆಲಸವೂ ನಡೆಯಿತು. ಹೊಲಕ್ಕೆ, ಸಂತೆಗೆ, ಆಸ್ಪತ್ರೆಗೆ ಹೋಗಲು ಮತ್ತೊಬ್ಬರ ದಾರಿ ಕಾಯಬೇಕಾಗಿದ್ದ ಹೆಣ್ಣುಮಕ್ಕಳು ತಾವೇ ಹೋಗಿ ಬರಲಾರಂಭಿಸಿದರು.

ಉದ್ದೇಶದ ನಿರ್ಧಾರ

ಯಾತ್ರೆಯ ಉದ್ದೇಶವು ಒಂದೇ ಆಗಿರಬೇಕು, ಅಳೆಯಲು ಬರುವಂತಿರಬೇಕು. ‘ಶಿಕ್ಷಣಕ್ಕಾಗಿ’ ಎಂದಷ್ಟೇ ಹೇಳಿದರೆ ಹಣ ಎಲ್ಲಿ ಹೋಯಿತೆಂದು ಕೇಳುವವರಿಗೆ ಉತ್ತರ ಹೇಳುವುದು ಕಷ್ಟ. ಒಂದು ಉದಾಹರಣೆಯನ್ನು ಗಮನಿಸಬಹುದು. ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ನೀಡುವ ಯೋಜನೆ ಆರಂಭವಾಯಿತು. ಹಾಗೆ ಬಂದ ಸೈಕಲ್ಲುಗಳಲ್ಲಿ ಟ್ಯೂಬು ಹೋದವು, ಪೆಡಲ್ ಮುರಿದವು ಮನೆಯ ಮೂಲೆಯಲ್ಲಿ ಬಿದ್ದಿದ್ದರೆ, ಅವನ್ನು ದುರಸ್ತಿ ಮಾಡಿಸಿ ಪ್ರೌಢಶಾಲೆಗೆ ದೂರದಿಂದ ನಡೆದು ಬರುವ ವಿದ್ಯಾರ್ಥಿನಿಯರಿಗೆ ಕೊಡಬಹುದು. ಇಷ್ಟು ಸೈಕಲ್, ಇಷ್ಟು ವೆಚ್ಚ, ಇಂತಿಂಥ ಶಾಲೆ ಎಂದು ಮೊದಲೇ ಪಟ್ಟಿ ಮಾಡಲು ಬರುವ ಕೆಲಸವಿದು. ಪಟ್ಟಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಡನೆ ಕೂಡಿ ತಯಾರಿಸಿ, ಗ್ರಾಮ ಸಭೆಯಲ್ಲಿ ಓದಿ, ಪಂಚಾಯತಿಯ ಸಾಮಾನ್ಯ ಸಭೆಯ ನಡವಳಿಯಲ್ಲಿ ದಾಖಲಿಸುವುದು ಸೂಕ್ತ.

ಮಾರ್ಗ ಮತ್ತು ಕಾಲ

ಇಜೇರಿಯಿಂದ ಹೊರಟು ಜೇವರ್ಗಿ, ಕಲಬುರಗಿ, ಆಳಂದ, ಅಫಜಲಪುರಗಳನ್ನು ಮುಟ್ಟಿ ಮರಳುವ ಯಾತ್ರೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿ.ಮೀ., ಅಲ್ಲಿಂದ ಆಳಂದಕ್ಕೆ ಮತ್ತೆ ಸುಮಾರು ಅಷ್ಟೇ. ಸಾಮಾನ್ಯ ಸೈಕಲ್ ಮೇಲೆ ಅಭ್ಯಾಸವುಳ್ಳ ಸವಾರನು ಗಂಟೆಗೆ 12 ಕಿ.ಮೀ. ಸಾಗಬಲ್ಲನೆಂದು ಹಿಡಿದರೆ 40 ಕಿ.ಮೀ.ಗೆ ಮೂರೂಕಾಲು ಗಂಟೆಯಿಂದ ಮೂರೂವರೆ ಗಂಟೆ ತುಳಿಯಬೇಕು. ನೀರು, ಉಪಾಹಾರ, ಪಂಕ್ಚರ್‌ಗಳಿಗೆ ಒಂದೂವರೆ ಗಂಟೆ ಸೇರಿಸಿದರೆ ಬೆಳಿಗ್ಗೆ ಆರೂವರೆಗೆ ಹೊರಟವರು ಹನ್ನೊಂದೂವರೆಯ ಸುಮಾರಿಗೆ ಮುಕ್ಕಾಂ ತಲುಪುತ್ತಾರೆ. ಹೊಸಬರಿರುವ ತಂಡಕ್ಕೆ ದಿನಕ್ಕೆ 40ರಿಂದ 50 ಕಿ.ಮೀ. ಸಾಕು. ನುರಿತವರ ದೀರ್ಘದೂರದ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆಯ ಮಿತಿ ಇರುತ್ತದೆ. ಅದು ವರ್ಷಗಳ ಅಭ್ಯಾಸ ಉಳ್ಳವರಿಗೆ ತಕ್ಕುದು, ಊರಿನ ಯಾತ್ರೆಗೆ ಅಳತೆಗೋಲಲ್ಲ.

ಕಾಲದ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯವಾದ್ದರಿಂದ ಆ ಕಾಲ ಸಲ್ಲದು. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯೇ ತಿರುಗದಂತಾಗುತ್ತದೆ. ಮಳೆಗಾಲದ ಕೊನೆಯೂ ನಿಶ್ಚಿಂತೆಯ ಕಾಲವಲ್ಲವೆಂಬುದನ್ನು 2020ರ ಅಕ್ಟೋಬರ್ ತಿಂಗಳ ಭೀಮಾ ಪ್ರವಾಹ ತೋರಿಸಿದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಹವೆ ಹಿತಕರ. ಆದರೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬುವುದೂ ತೊಗರಿ ರಾಶಿಯಲ್ಲಿ ಜನರಿಗೆ ಬಿಡುವಿಲ್ಲದಿರುವುದೂ ಇದೇ ಅವಧಿಯಲ್ಲಿ. ದತ್ತ ಜಯಂತಿಯ ದಿನಗಳಲ್ಲಿ ಗಾಣಗಾಪುರದ ದಾರಿಯಲ್ಲಿ ಜನಸಂದಣಿ ಇರುತ್ತದೆ. ಇವನ್ನೆಲ್ಲ ನೋಡಿಕೊಂಡು ದಿನ ನಿಗದಿಪಡಿಸಬೇಕು.

ಜೇವರ್ಗಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50 ಮತ್ತು 150ಎ ಕೂಡುವುದರಿಂದ ಭಾರಿ ವಾಹನಗಳ ಸಂಚಾರ ಹೆಚ್ಚು. ಕಟ್ಟಿ ಸಂಗಾವಿಯ ಬಳಿಯ ಭೀಮಾ ಸೇತುವೆಯಂತಹ ಸ್ಥಳಗಳಲ್ಲಿ ನಿಂತು ಚಿತ್ರ ತೆಗೆಯುವುದಕ್ಕೆ ಅವಕಾಶ ಕೊಡಬಾರದು. ಯಾತ್ರೆಗೆ ಹದಿನೈದು ದಿನ ಮೊದಲು ಇಬ್ಬರು ಹೊಣೆಗಾರರು ಇಡೀ ಮಾರ್ಗವನ್ನು ಬೈಕಿನ ಮೇಲೆ ಸುತ್ತಿ ಬಂದು ತಗ್ಗು, ತಿರುವು, ನೀರಿನ ಜಾಗ, ನೆರಳು, ಆಸ್ಪತ್ರೆ ಇವುಗಳನ್ನು ಕಿಲೋಮೀಟರ್ ಸಹಿತ ಬರೆದಿಟ್ಟುಕೊಳ್ಳಬೇಕು. ಮಾರ್ಗದ ಎಲ್ಲ ಪೊಲೀಸ್ ಠಾಣೆಗಳಿಗೂ ದಿನ, ಸಮಯ, ಸವಾರರ ಸಂಖ್ಯೆಯನ್ನು ಲಿಖಿತವಾಗಿ ತಿಳಿಸಿ ಅಗತ್ಯ ಅನುಮತಿ ಪಡೆಯಬೇಕು.

ಸವಾರರ ತಯಾರಿ

ನಿತ್ಯ ಹೊಲಕ್ಕೆ ಸೈಕಲ್ ಮೇಲೆ ಹೋಗುವವರಿಗೂ ಸತತ ನಾಲ್ಕು ದಿನ ತುಳಿಯುವುದು ಹೊಸತೇ. ಆದುದರಿಂದ ಎಂಟು ವಾರಗಳ ಅಭ್ಯಾಸ ಬೇಕು. ಮೊದಲ ವಾರ ದಿನ ಬಿಟ್ಟು ದಿನ 10 ಕಿ.ಮೀ.ಯಂತೆ ಆರಂಭಿಸಿ, ವಾರಕ್ಕೊಮ್ಮೆ ಸ್ವಲ್ಪ ದೂರದ ಸವಾರಿಯನ್ನು ಸೇರಿಸಬೇಕು. ಆ ದೂರವನ್ನು ಹಂತಹಂತವಾಗಿ ಏರಿಸುತ್ತ ಏಳನೆಯ ವಾರಕ್ಕೆ 35 ಕಿ.ಮೀ. ತಲುಪಿದರೆ ಸಾಕು. ಕೊನೆಯ ವಾರ ಅಭ್ಯಾಸ ಕಡಿಮೆ ಮಾಡಿ ದೇಹಕ್ಕೆ ವಿಶ್ರಾಂತಿ ಕೊಡಬೇಕು. ಎರಡು ದಿನ ಬೆನ್ನುಬೆನ್ನಿಗೆ ಸವಾರಿ ಮಾಡಿ ನೋಡುವುದು ಮುಖ್ಯ, ಏಕೆಂದರೆ ಮೊದಲ ದಿನ ಕಾಣದ ಮೊಣಕಾಲು ನೋವು, ಅಂಗೈ ಜೋಮು ಎರಡನೆಯ ದಿನ ಕಾಣಿಸುತ್ತವೆ.

ಹೃದಯ ಸಂಬಂಧಿ ತೊಂದರೆ, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ತಪಾಸಣೆ ಮಾಡಿಸಿಕೊಳ್ಳಬೇಕು. ಹದಿನೆಂಟು ವರ್ಷದೊಳಗಿನವರಿಗೆ ಪಾಲಕರ ಲಿಖಿತ ಒಪ್ಪಿಗೆ ಕಡ್ಡಾಯವೆಂದು ಸಂಘಟಕರು ನಿಯಮ ಮಾಡಿಕೊಳ್ಳಬೇಕು. ವಿದ್ಯಾರ್ಥಿನಿಯರು, ಸ್ವಸಹಾಯ ಸಂಘದ ಮಹಿಳೆಯರು ಪಾಲ್ಗೊಳ್ಳುವಾಗ ಮುಕ್ಕಾಮಿನಲ್ಲಿ ಪ್ರತ್ಯೇಕ ವಸತಿ, ಶೌಚಾಲಯ ಇವೆಯೇ ಎಂಬುದನ್ನು ಮಹಿಳಾ ಸದಸ್ಯರೇ ಮುಂಚಿತವಾಗಿ ನೋಡಿ ಬರುವುದು ಒಳಿತು.

ಸೈಕಲ್ಲಿನ ತಯಾರಿ

ದುಬಾರಿ ಗೇರ್ ಸೈಕಲ್ ಇಲ್ಲದೆಯೂ ಯಾತ್ರೆ ಸಾಧ್ಯ. ಸುಸ್ಥಿತಿಯಲ್ಲಿರುವ ಸಾಮಾನ್ಯ ಸೈಕಲ್ ಸಾಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತರವಿರಬೇಕು. ಸೀಟು ತಗ್ಗಾದರೆ ಮೊಣಕಾಲಿಗೆ ಪೆಟ್ಟು. ಬ್ರೇಕಿನ ರಬ್ಬರು ಸವೆದಿದ್ದರೆ ಬದಲಿಸಬೇಕು. ಸಡಿಲಾದ ಗಾಲಿಯ ಕಡ್ಡಿಗಳನ್ನು ಬಿಗಿಸಿ, ಚೈನಿನ ಧೂಳು ಒರೆಸಿ ಎಣ್ಣೆ ಬಿಡಬೇಕು. ಹಿಂದೆ ಕೆಂಪು ಪ್ರತಿಫಲಕ, ಮುಂದೆ ದೀಪ, ಸವಾರನ ಮೇಲೆ ಹೊಳೆಯುವ ಪಟ್ಟಿಯ ಜಾಕೆಟ್, ತಲೆಗೆ ಹೆಲ್ಮೆಟ್ ಇರಬೇಕು.

ಈ ಭಾಗದ ರಸ್ತೆ ಬದಿಯಲ್ಲಿ ಜಾಲಿಮುಳ್ಳಿನ ಕಾಟ ಹೆಚ್ಚು. ಸೈಕಲನ್ನು ನೆರಳಿಗೆಂದು ಜಾಲಿಯ ಕೆಳಗೆ ನಿಲ್ಲಿಸಿದರೆ ಎರಡೂ ಟ್ಯೂಬು ಹೋಗಬಹುದು. ಐದು ಸವಾರರಿಗೆ ಒಂದರಂತೆ ಪಂಪು ಮತ್ತು ಪಂಕ್ಚರ್ ಸಾಮಾನು, ಜೊತೆಗೆ ಹೆಚ್ಚುವರಿ ಟ್ಯೂಬುಗಳಿರಲಿ. ಊರಿನ ಸೈಕಲ್ ರಿಪೇರಿಯವರೊಬ್ಬರನ್ನು ಸೂಕ್ತ ದಿನಗೂಲಿ ಕೊಟ್ಟು ನೆರವಿನ ವಾಹನದಲ್ಲಿ ಕರೆದೊಯ್ಯುವುದು ಜಾಣತನ.

ನೀರು ಮತ್ತು ಆಹಾರ

ಬಾಯಾರಿಕೆಯಾಗುವವರೆಗೆ ಕಾಯದೆ ಕಾಲು ಗಂಟೆಗೊಮ್ಮೆ ಗುಟುಕು ನೀರು ಕುಡಿಯುವುದು ರೂಢಿಯಾಗಬೇಕು. ಹೆಚ್ಚು ಬೆವರಿದಾಗ ನೀರಿನೊಂದಿಗೆ ಲವಣವೂ ಬೇಕು. ಓಆರ್‌ಎಸ್ ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬಹುದು. ಉಪ್ಪು ಹಾಕಿದ ಮಜ್ಜಿಗೆಯೂ ಉತ್ತಮ. ದಾರಿಯಲ್ಲಿ ಶೇಂಗಾ ಉಂಡಿ, ಬಾಳೆಹಣ್ಣು, ಬೆಲ್ಲ ಸ್ವಲ್ಪಸ್ವಲ್ಪವಾಗಿ ತಿನ್ನುತ್ತಿರಬೇಕು. ಜೋಳದ ರೊಟ್ಟಿ, ಪಲ್ಯ, ಬೇಳೆಯ ಪೂರ್ಣ ಊಟ ಮುಕ್ಕಾಂ ಸೇರಿದ ಮೇಲೆ.

ತಲೆಸುತ್ತು, ಅಸಂಬದ್ಧ ಮಾತು, ಮೈ ಸುಡುವಂತಾಗುವುದು ಬಿಸಿಲಾಘಾತದ ಚಿಹ್ನೆಗಳು. ಅಂಥವರನ್ನು ತಕ್ಷಣ ನೆರಳಿಗೆ ಒಯ್ದು ಒದ್ದೆ ಬಟ್ಟೆಯಿಂದ ಮೈ ತಂಪು ಮಾಡಿ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ರಸ್ತೆಯ ಶಿಸ್ತು

ಎಂಟು-ಹತ್ತು ಜನರ ಗುಂಪುಗಳಾಗಿ, ಹೆದ್ದಾರಿಯ ಎಡ ಅಂಚಿನಲ್ಲಿ ಒಂದೇ ಸಾಲಿನಲ್ಲಿ ಸಾಗಬೇಕು. ಗುಂಪಿನ ಮುಂದೊಬ್ಬ, ಹಿಂದೊಬ್ಬ ಅನುಭವಿ ಇರಬೇಕು. ಹಿಂದಿನವನನ್ನು ದಾಟಿ ಯಾರೂ ಉಳಿಯಬಾರದು. ಟ್ರ್ಯಾಕ್ಟರಿನ ಟ್ರಾಲಿ ಹಿಡಿದುಕೊಂಡು ಸಾಗುವ ಚಟವನ್ನು ಕಟ್ಟುನಿಟ್ಟಾಗಿ ನಿಷೇಧಿಸಬೇಕು. ಕಿವಿಗೆ ಹಾಡಿನ ಸಾಧನ ಹಾಕುವುದು, ಸ್ಪರ್ಧೆಗಿಳಿಯುವುದು ಸಲ್ಲದು. ಸೂರ್ಯೋದಯಕ್ಕೆ ಮುಂಚೆ, ಸೂರ್ಯಾಸ್ತದ ಅನಂತರ ಸವಾರಿ ಬೇಡ. ದಣಿದವನು ವಾಹನ ಏರಿದರೆ ಅವಮಾನವಿಲ್ಲವೆಂದು ಹೊರಡುವ ಮೊದಲೇ ಎಲ್ಲರೆದುರು ಹೇಳಬೇಕು. ಮರ್ಯಾದೆಗೆ ಅಂಜಿ ತುಳಿಯುತ್ತಲೇ ಹೋಗುವವನು ಅಪಾಯಕ್ಕೆ ಹತ್ತಿರವಿರುತ್ತಾನೆ.

ಅಪಘಾತ ಸಂಭವಿಸಿದರೆ 112 ಅಥವಾ 108ಕ್ಕೆ ಕರೆ ಮಾಡಿ ಗಾಯಾಳುವಿಗೆ ನೆರವಾಗಬೇಕು. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 134ಎ ಕಲಂ ರಕ್ಷಣೆ ನೀಡುತ್ತದೆ. ಪೊಲೀಸ್ ವಿಚಾರಣೆಯ ಭಯದಿಂದ ಹಿಂಜರಿಯಬೇಕಿಲ್ಲವೆಂಬುದನ್ನು ಸದಸ್ಯರು ಗ್ರಾಮಸ್ಥರಿಗೆ ತಿಳಿಹೇಳಬೇಕು.

ಹಾದಿಯಲ್ಲಿರುವ ಪಂಚಾಯತಿಗಳ ಪಾತ್ರ

ಶ್ರೀಶೈಲಕ್ಕೆ, ಪಂಢರಪುರಕ್ಕೆ ನಡೆದು ಹೋಗುವವರಿಗೆ ಅನ್ನ, ನೀರು, ನೆರಳು ಕೊಡುವ ವಾಡಿಕೆ ಈ ಭಾಗದ ಹಳ್ಳಿಗಳಿಗೆ ಹೊಸದಲ್ಲ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ನೆಲವಿದು. ಅದೇ ವಾಡಿಕೆಯನ್ನು ಸೈಕಲ್ ಯಾತ್ರೆಗೂ ವಿಸ್ತರಿಸಬಹುದು. ಶುದ್ಧ ಕುಡಿಯುವ ನೀರಿನ ಘಟಕವನ್ನು ಆ ಹೊತ್ತಿಗೆ ತೆರೆದಿಡುವುದು, ಶಾಲೆಯ ಅಥವಾ ಸಮುದಾಯ ಭವನದ ಶೌಚಾಲಯ ಸ್ವಚ್ಛಗೊಳಿಸಿಡುವುದು, ಆಶಾ ಕಾರ್ಯಕರ್ತೆಯರಿಗೆ ಮುನ್ಸೂಚನೆ ನೀಡುವುದು ಇವು ಹಾರ-ತುರಾಯಿಗಿಂತ ಹೆಚ್ಚು ಉಪಯುಕ್ತ. ಸನ್ಮಾನ, ಭಾಷಣಗಳಿಗೆ ಸವಾರರನ್ನು ಬಿಸಿಲೇರುವವರೆಗೆ ನಿಲ್ಲಿಸಿಕೊಳ್ಳಬಾರದು. ಹತ್ತು ನಿಮಿಷದಂತೆ ಆರು ಊರುಗಳಲ್ಲಿ ನಿಂತರೆ ಒಂದು ಗಂಟೆಯ ತಂಪು ಹೊತ್ತು ಕಳೆದುಹೋಗುತ್ತದೆ.

ನಿಧಿ ಮತ್ತು ಲೆಕ್ಕ

ಕಿಲೋಮೀಟರಿಗೆ ಇಷ್ಟು ಎಂದು ದಾನಿಗಳಿಂದ ವಾಗ್ದಾನ ಪಡೆಯುವುದು ಪ್ರಚಲಿತ ಕ್ರಮ. ಉದಾಹರಣೆಗೆ 25 ಸವಾರರು ತಲಾ 10 ದಾನಿಗಳಿಂದ ಕಿ.ಮೀ.ಗೆ ಒಂದು ರೂಪಾಯಿಯಂತೆ ವಾಗ್ದಾನ ಪಡೆದು 160 ಕಿ.ಮೀ. ಪೂರೈಸಿದರೆ ರೂ. 40,000 ಕೂಡುತ್ತದೆ. ಆದರೆ ವಾಹನದ ಡೀಸೆಲ್, ಊಟ, ಬ್ಯಾನರ್, ಟೀ-ಶರ್ಟುಗಳನ್ನು ಇದೇ ಹಣದಿಂದ ಭರಿಸಿದರೆ ವಿದ್ಯಾರ್ಥಿನಿಯ ಸೈಕಲ್ಲಿಗೆ ಉಳಿಯುವುದೇನು? ಯಾತ್ರೆಯ ವೆಚ್ಚಕ್ಕೆ ಸವಾರರ ಪ್ರವೇಶ ಶುಲ್ಕ ಅಥವಾ ಅದಕ್ಕೆಂದೇ ಕೊಟ್ಟ ಪ್ರಾಯೋಜಕರ ಹಣ, ಉದ್ದೇಶಕ್ಕೆ ದಾನದ ಹಣ ಎಂದು ಎರಡನ್ನೂ ಮೊದಲ ದಿನದಿಂದಲೇ ಬೇರೆಬೇರೆ ಇಡಬೇಕು. ವೆಚ್ಚಕ್ಕೆ ಬೇರೆ ಮೂಲ ದೊರೆಯದಿದ್ದರೆ ಯಾತ್ರೆಯನ್ನೇ ಚಿಕ್ಕದಾಗಿಸುವುದು ಮೇಲು.

ದಾನವನ್ನು ಬ್ಯಾಂಕ್ ಖಾತೆಗೇ ಪಡೆಯಬೇಕು. ನಗದಾದರೆ ಕ್ರಮಸಂಖ್ಯೆಯ ರಸೀದಿ ಕೊಡಬೇಕು. ಖಾತೆಗೆ ಇಬ್ಬರ ಸಹಿ ಇರಲಿ. ಆದಾಯ ತೆರಿಗೆ ಕಾಯ್ದೆಯ 80ಜಿ ಮಾನ್ಯತೆಯುಳ್ಳ ಸಂಸ್ಥೆಗಳಿಗೆ ಸಲ್ಲುವ ದಾನಗಳಲ್ಲಿಯೂ ರೂ. 2,000 ಮೀರಿದ ನಗದಿಗೆ ತೆರಿಗೆ ರಿಯಾಯಿತಿ ಇಲ್ಲವೆಂಬುದನ್ನು ದಾನಿಗಳಿಗೆ ಮೊದಲೇ ತಿಳಿಸಬೇಕು. ಪಂಚಾಯತಿಯ ಯಾವುದೇ ಯೋಜನಾ ಅನುದಾನವನ್ನು ಇದರೊಡನೆ ಬೆರೆಸಕೂಡದು.

ಯಾತ್ರೆ ಮುಗಿದ ಮೂವತ್ತು ದಿನಗಳೊಳಗೆ ಜಮಾ-ಖರ್ಚಿನ ಪಟ್ಟಿಯನ್ನು ಪಂಚಾಯತಿ ಕಚೇರಿಯ ಸೂಚನಾ ಫಲಕದಲ್ಲಿಯೂ ಗ್ರಂಥಾಲಯದಲ್ಲಿಯೂ ಅಂಟಿಸಿ, ಮುಂದಿನ ಗ್ರಾಮ ಸಭೆಯಲ್ಲಿ ಓದಬೇಕು. ಎಷ್ಟು ಸೈಕಲ್ ದುರಸ್ತಿಯಾದವು, ಯಾವ ಶಾಲೆಗೆ ಎಷ್ಟು ಸಂದವು ಎಂಬುದು ಅದರಲ್ಲಿರಬೇಕು. ದುರಸ್ತಿಯಾದ ಸೈಕಲ್ಲುಗಳು ಓಡುತ್ತಿವೆಯೇ ಎಂದು ಆರು ತಿಂಗಳ ಬಳಿಕ ಆಯಾ ವಾರ್ಡಿನ ಸದಸ್ಯರು ಶಾಲೆಗೆ ಭೇಟಿ ನೀಡಿ ಪರಿಶೀಲಿಸಿ, ಅದರ ವಿವರವನ್ನು ಸಾಮಾನ್ಯ ಸಭೆಯ ನಡವಳಿಯಲ್ಲಿ ಸೇರಿಸುವುದು.