ಬಲ್ಬು ಊರಿನ ಒಳಗಿದ್ದರೆ

ಯೋಹಾನೆಸ್ ವರ್ಮೀರ್ 1660ರ ಸುಮಾರಿಗೆ ಬರೆದ ‘ಡೆಲ್ಫ್ಟ್ ನೋಟ’ದಲ್ಲಿ ಬಿಸಿಲಿಗೆ ಪಕ್ಷಪಾತವಿದೆ. ನೆದರ್ಲೆಂಡ್ಸಿನ ಆ ಊರಿನ ನೆತ್ತಿಯ ಮೇಲೆ ದಟ್ಟ ಮೋಡ. ನೀರಂಚಿನ ಕೋಟೆಬಾಗಿಲು, ಇಟ್ಟಿಗೆ ಗೋಡೆಗಳೆಲ್ಲ ನೆರಳಲ್ಲಿ. ಹಿಂದಿರುವ ಹೊಸ ಚರ್ಚಿನ ಗೋಪುರಕ್ಕೂ ಕೆಲವು ಸೂರುಗಳಿಗೂ ಮಾತ್ರ ಬೆಳಕು. ಹೇಗ್‌ನ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ ಈ ಚಿತ್ರವನ್ನು ದೀಪ ಮಾಡಹೊರಟವರಿಗೆ ಮೊದಲ ತೊಡಕು ಇಲ್ಲೇ: ಚಿತ್ರದಲ್ಲಿ ಸೂರ್ಯ ಊರಿನ ಹೊರಗಿದ್ದಾನೆ, ದೀಪದಲ್ಲಿ ಬಲ್ಬು ಊರಿನ ಒಳಗೆ.

ಉಡುಗೊರೆ ಅಂಗಡಿಗಳ ಡಚ್ ಮನೆದೀಪಗಳು ಇದನ್ನು ಜಾಣತನದಿಂದ ದಾಟುತ್ತವೆ. ಮೆಟ್ಟಿಲಾಕಾರದ ನೆತ್ತಿಯ ಮನೆ, ಸಾಲು ಕಿಟಕಿ, ಒಳಗೊಂದು ಪುಟ್ಟ ಮೇಣದಬತ್ತಿ. ಕಿಟಕಿ ಕತ್ತರಿಸಿದರಾಯಿತು, ಹಗಲಿನ ಊರಿಗೆ ರಾತ್ರಿಯಾಗುತ್ತದೆ. ಚೆಂದವೇನೋ ಹೌದು, ಮೋಡ ಮಾತ್ರ ನಾಪತ್ತೆ. ಡೆಲ್ಫ್ಟ್‌ನ ಹೆಸರಾಂತ ನೀಲಿ ಕುಂಬಾರಿಕೆಯೂ ನೆರವಿಗೆ ಬಾರದು. ಕೋಬಾಲ್ಟ್‌ನ ಕಪ್ಪು ಗೆರೆ ಗೂಡಿನಲ್ಲಿ ಬೆಂದು ನೀಲಿಯಾಗುವುದು ತವರದ ಬಿಳಿ ಗ್ಲೇಜಿನ ಮೇಲೆ. ಅಡಿಯ ಮಣ್ಣು ಬೆಳಕನ್ನು ದಾಟಗೊಡುವುದಿಲ್ಲ.

ಸರಿಯಾದ ಉಪಾಯ ಸಿಕ್ಕಿದ್ದು ಲಿಥೊಫೇನ್ ಎಂಬ ಪಿಂಗಾಣಿ ಕಸುಬಿನಲ್ಲಿ. 1827ರಲ್ಲಿ ಫ್ರಾನ್ಸಿನ ಬ್ಯಾರನ್ ಪೋಲ್ ದ ಬುರ್ಗ್ವಾನ್ ಇದಕ್ಕೆ ಪೇಟೆಂಟ್ ಪಡೆದ. ಬಣ್ಣ, ಕುಂಚದ ಗೊಡವೆಯೇ ಇಲ್ಲ. ಹಿಂದಿನಿಂದ ಬೆಳಕು ಬೀಳುವ ಗಾಜಿನ ಮೇಲೆ ಮೇಣದ ಪದರ ಹಾಸಿ, ಕೆತ್ತನೆಗಾರ ಅದನ್ನು ಕೆರೆಯುತ್ತಾ ಹೋಗುತ್ತಾನೆ. ತೆಳುವಾದಲ್ಲಿ ಬಿಸಿಲು, ದಪ್ಪ ಉಳಿದಲ್ಲಿ ನೆರಳು. ಮೇಣದಿಂದ ಪ್ಲಾಸ್ಟರ್ ಅಚ್ಚು, ಅಚ್ಚಿನಿಂದ ಪಿಂಗಾಣಿ ಬಿಲ್ಲೆ. ಗೂಡಿನಲ್ಲಿ ಅದು ಕುಗ್ಗುತ್ತದೆ. ಬಾಗುವುದೂ ಬಿರಿಯುವುದೂ ಉಂಟು. ಜರ್ಮನಿಯ ಮೈಸೆನ್, ಬರ್ಲಿನ್ ಕಾರ್ಖಾನೆಗಳು ಈ ಕಸುಬನ್ನು ಬೆಳೆಸಿದವು. ಹೆಸರಾಂತ ವರ್ಣಚಿತ್ರಗಳ ಅಚ್ಚುಪ್ರತಿ ಎದುರಿಗಿಟ್ಟುಕೊಂಡು ಕೆತ್ತುವುದು ರೂಢಿ. ಕೆಲವು ಬಿಲ್ಲೆಗಳನ್ನು ಲೋಹದ ಚೌಕಟ್ಟಿಗೆ ಕೂಡಿಸಿದರೆ ದೀಪದ ಮರೆ ಸಿದ್ಧ. ದೀಪ ಆರಿಸಿದರೆ ಉಳಿಯುವುದು ಉಬ್ಬುತಗ್ಗಿನ ಬಿಳಿ ಪಿಂಗಾಣಿ, ಅಷ್ಟೇ.

ಈಗ ಫೋಟೊ ಕೊಟ್ಟರೆ ಕಂಪ್ಯೂಟರೇ ದಪ್ಪ ತೆಳುವಿನ ಲೆಕ್ಕ ಹಾಕಿ 3ಡಿ ಪ್ರಿಂಟರ್‌ಗೆ ಒಪ್ಪಿಸುತ್ತದೆ. ನನ್ನ ತಕರಾರು ಇರುವುದು ಆ ಲೆಕ್ಕದಲ್ಲಿ. ಅದಕ್ಕೆ ಕೆಂಪು ಹೆಂಚೂ ಮೋಡದ ನೆರಳೂ ಒಂದೇ ಬೂದುಬಣ್ಣ. ಯಾವುದು ಬಣ್ಣದಿಂದ ಕಪ್ಪು, ಯಾವುದು ಬಿಸಿಲಿಲ್ಲದೆ ಕಪ್ಪು ಎಂದು ಬಲ್ಲ ಕೆತ್ತನೆಗಾರ ಹೆಂಚನ್ನು ಇನ್ನೊಂದಿಷ್ಟು ಕೆರೆದು ತೆಳುಮಾಡುತ್ತಾನೆ. ಇಂಥ ದೀಪ ಕೊಳ್ಳುವವರು ಅಂಗಡಿಯಲ್ಲೇ ಹೊತ್ತಿಸಿ ನೋಡಬೇಕು. ಚರ್ಚಿನ ಗೋಪುರ ಕೋಟೆಬಾಗಿಲಿಗಿಂತ ಬೆಳ್ಳಗೆ ಕಾಣದಿದ್ದರೆ ವಾಪಸ್ ಇಟ್ಟುಬಿಡಿ.